ಪೆಟ್ರೋಲ್ ರೇಟಿನ ಮಾತಿಗೆ ಕೂರುವ ಮುಂಚೆ ಲೆಕ್ಕ ಹಿಡಿಯುವುದು ಹೇಗೆ

ಯಾರಾದರೂ ಪೆಟ್ರೋಲ್ ಬಗ್ಗೆ ಭಾಷಣ ಶುರು ಮಾಡಿದ ಕೂಡಲೇ ಒಂದು ವಿಷಯ ಗಮನಿಸಿ. ಅವರು ರೇಟು ಇಳಿಸುವ ಮಾತಾಡುತ್ತಿದ್ದಾರಾ, ಇಲ್ಲ ಹೊರದೇಶದಿಂದ ತರಿಸುವ ಎಣ್ಣೆ ಕಡಿಮೆ ಮಾಡುವ ಮಾತಾಡುತ್ತಿದ್ದಾರಾ? ಎರಡನ್ನೂ ಒಂದೇ ಉಸಿರಲ್ಲಿ ಹೇಳುವವರೇ ಜಾಸ್ತಿ. ಆದರೆ ಇವು ಬೇರೆ ಬೇರೆ ಮಾತು, ಎಷ್ಟೋ ಸಲ ಒಂದನ್ನು ಹಿಡಿಯಲು ಹೋದರೆ ಇನ್ನೊಂದು ಕೈ ತಪ್ಪುತ್ತದೆ. ಇದನ್ನು ಬಿಡಿಸಿಕೊಳ್ಳದಿದ್ದರೆ ಗ್ರಾಮಸಭೆಯಲ್ಲಾಗಲಿ, ಅಡಿಕೆ ಮಂಡಿಯಲ್ಲಾಗಲಿ ನಾವು ಸುಮ್ನೆ ಪಕ್ಷದ ಹೆಸರು ಹಿಡಿದು ಕಿತ್ತಾಡಿ ಎದ್ದು ಬರುತ್ತೇವೆ.

ಮಲೆನಾಡಿನ ನಮಗೆ ಇದು ಟಿವಿಯಲ್ಲಿ ನೋಡಿ ಬಿಡುವ ವಿಷಯ ಅಲ್ಲ. ತೋಟಕ್ಕೆ ಔಷಧಿ ಹೊಡೆಯುವ ಮಷಿನ್, ಕಳೆ ಹೊಡೆಯುವ ಮಷಿನ್, ಟಿಲ್ಲರ್, ಅಡಿಕೆ ಸಾಗಿಸುವ ಪಿಕಪ್, ಎಲ್ಲಕ್ಕೂ ಎಣ್ಣೆ ಬೇಕು. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆಯಿತು, ಒಳ್ಳೆಯದೇ. ಆದರೆ ತೀರ್ಥಹಳ್ಳಿ, ಹೊಸನಗರ ಕಡೆ ಪ್ರೈವೇಟ್ ಬಸ್ಸೇ ಗತಿ ಇರುವ ಹಳ್ಳಿಗಳ ಹೆಂಗಸರು ಇವತ್ತಿಗೂ ದುಡ್ಡು ಕೊಟ್ಟೇ ಓಡಾಡುತ್ತಾರೆ. ಡೀಸೆಲ್ ಏರಿದರೆ ಇವತ್ತಲ್ಲ ನಾಳೆ ಆ ಟಿಕೆಟ್ಟೂ ಏರುತ್ತದೆ.

ಮೊದಲು ರೇಟಿನ ಲೆಕ್ಕ ಮಾಡಿ. ಒಂದು ಬ್ಯಾರೆಲ್ ಅಂದರೆ 159 ಲೀಟರ್. ಆ ದಿನದ ಕಚ್ಚಾ ಎಣ್ಣೆ ರೇಟನ್ನು ಡಾಲರ್ ರೇಟಿನಿಂದ ಗುಣಿಸಿ 159ರಿಂದ ಭಾಗಿಸಿ, ಅಷ್ಟೇ. ಬ್ಯಾರೆಲ್‌ಗೆ 70 ಡಾಲರ್, ಡಾಲರ್‌ಗೆ 86 ರೂಪಾಯಿ ಅಂತ ಇಟ್ಟುಕೊಂಡರೆ ಲೀಟರ್ ಕಚ್ಚಾ ಎಣ್ಣೆಗೆ ಹತ್ತಿರ ಹತ್ತಿರ 38 ರೂಪಾಯಿ ಬೀಳುತ್ತದೆ. ಅದರ ಮೇಲೆ ಶುದ್ಧ ಮಾಡುವ ಖರ್ಚು, ಸಾಗಾಣಿಕೆ, ಎಣ್ಣೆ ಕಂಪನಿಯ ಲಾಭ, ಬಂಕಿನವರ ಕಮಿಷನ್. ಆಮೇಲೆ ಕೇಂದ್ರದ ಎಕ್ಸೈಸ್ ಅನ್ನುವ ಸುಂಕ, ಕೊನೆಗೆ ರಾಜ್ಯದ ಮಾರಾಟ ತೆರಿಗೆ. 2025ರ ಏಪ್ರಿಲ್‌ನಲ್ಲಿ ಪೆಟ್ರೋಲ್ ಮೇಲಿನ ಎಕ್ಸೈಸ್ ಲೀಟರ್‌ಗೆ 21.90 ರೂಪಾಯಿ ಆಯಿತು. ಕರ್ನಾಟಕದ ತೆರಿಗೆ ಆಗ ಶೇ 29.84, ಅಂದರೆ ಸುಮಾರು 22-23 ರೂಪಾಯಿ. ಬಂಕಿನಲ್ಲಿ 103 ಕೊಟ್ಟರೆ ಅದರಲ್ಲಿ 45 ರೂಪಾಯಿಯಷ್ಟು ತೆರಿಗೆಯೇ ಆಯಿತು. ನೀವು ಲೆಕ್ಕ ಹಾಕುವ ದಿನದ ಅಂಕಿ ಹಾಕಿಕೊಳ್ಳಿ, ವಿಧಾನ ಇದೇ.

ಇಲ್ಲೊಂದು ಸೂಕ್ಷ್ಮ ಇದೆ. ಕೇಂದ್ರದ್ದು ಲೀಟರ್‌ಗೆ ಇಷ್ಟು ರೂಪಾಯಿ ಅಂತ ನಿಂತ ಲೆಕ್ಕ. ರಾಜ್ಯದ್ದು ಪರ್ಸೆಂಟ್ ಲೆಕ್ಕ. ಹಾಗಾಗಿ ಕೇಂದ್ರ ಎಕ್ಸೈಸ್ ಏರಿಸಿ ಅದು ಬಂಕಿನ ರೇಟಿಗೆ ಬಂದರೆ, ರಾಜ್ಯ ಏನೂ ಮಾಡದೆ ಕೂತರೂ ಅದಕ್ಕೆ ಬರುವ ದುಡ್ಡು ಜಾಸ್ತಿಯಾಗುತ್ತದೆ. ಇನ್ನೊಂದು ಕಡೆ, ಆ 21.90ರಲ್ಲಿ ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾದ ಮೂಲ ಎಕ್ಸೈಸ್ ಬರೀ 1.40 ರೂಪಾಯಿ. ಉಳಿದದ್ದು ಸೆಸ್, ವಿಶೇಷ ಸುಂಕ ಅನ್ನುವ ಹೆಸರಲ್ಲಿ ಕೇಂದ್ರದ ಹತ್ತಿರವೇ ಉಳಿಯುತ್ತದೆ. ಇದು ಗೊತ್ತಿದ್ದರೆ "ನಿಮ್ಮ ಪಾಲು ನಿಮಗೆ ಕೊಟ್ಟಿದ್ದೇವಲ್ಲ" ಅನ್ನುವ ಮಾತನ್ನೂ, "ನಮ್ಮ ಕೈಯಲ್ಲಿ ಏನಿದೆ" ಅನ್ನುವ ಮಾತನ್ನೂ ಹಾಗೇ ನುಂಗಬೇಕಾಗಿಲ್ಲ.

ಎರಡನೆಯದು, ವರ್ಷ ಕೇಳಿ. ವರ್ಷ ಹೇಳದೆ ಹೇಳಿದ ಅಂಕಿಯನ್ನು ನಂಬಬೇಡಿ. 2014ರಲ್ಲಿ ಪೆಟ್ರೋಲ್ ಎಕ್ಸೈಸ್ 9.48 ರೂಪಾಯಿ ಇತ್ತು. 2020ರ ಏಪ್ರಿಲ್‌ನಲ್ಲಿ ಕೊರೋನಾದಿಂದ ಕಚ್ಚಾ ಎಣ್ಣೆ 20 ಡಾಲರ್ ಆಸುಪಾಸಿಗೆ ಬಿದ್ದಾಗ ಆ ಇಳಿಕೆ ನಮಗೆ ಸಿಗಲಿಲ್ಲ, ಮೇ ತಿಂಗಳಲ್ಲಿ ಎಕ್ಸೈಸ್ 32.98ಕ್ಕೆ ಏರಿತು. ಆಮೇಲೆ 2021ರ ನವೆಂಬರ್, 2022ರ ಮೇ, ಹೀಗೆ ಎರಡು ಸಲ ಇಳಿಸಿ 19.90ಕ್ಕೆ ತಂದರು. ಮೊದಲ ಸಲ ಇಳಿಸಿದಾಗ ರಾಜ್ಯವೂ 7 ರೂಪಾಯಿ ಇಳಿಸಿತು. 2024ರ ಜೂನ್‌ನಲ್ಲಿ ಲೋಕಸಭೆ ಚುನಾವಣೆ ಮುಗಿಯುತ್ತಿದ್ದಂತೆ ಇದೇ ರಾಜ್ಯ ತೆರಿಗೆ ಏರಿಸಿ, ಲೀಟರ್‌ಗೆ 3 ರೂಪಾಯಿ ಜಾಸ್ತಿಯಾಯಿತು. ಎರಡು ಸರ್ಕಾರಗಳೂ ಏರಿಸಿವೆ, ಎರಡೂ ಇಳಿಸಿವೆ. ಮಾತಾಡುವವರು ತಮಗೆ ಬೇಕಾದ ವರ್ಷವನ್ನು ಮಾತ್ರ ಎತ್ತಿ ತೋರಿಸುತ್ತಾರೆ.

"ರೇಟು ಮಾರುಕಟ್ಟೆ ತೀರ್ಮಾನ, ಸರ್ಕಾರದ್ದಲ್ಲ" ಅಂತ ಯಾರಾದರೂ ಹೇಳಿದರೆ ನಮ್ಮದೇ ರಾಜ್ಯದ ಉದಾಹರಣೆ ಕೊಡಿ. ಪೆಟ್ರೋಲ್ ರೇಟನ್ನು 2010ರಲ್ಲಿ, ಡೀಸೆಲ್ ರೇಟನ್ನು 2014ರಲ್ಲಿ ಕಂಪನಿಗಳಿಗೆ ಬಿಟ್ಟರು, 2017ರ ಜೂನ್‌ನಿಂದ ದಿನಾ ಬದಲಾಗಬೇಕು ಅಂತಾಯಿತು. ಆದರೆ 2018ರಲ್ಲಿ ನಮ್ಮ ವಿಧಾನಸಭೆ ಚುನಾವಣೆಗೆ ಮುಂಚೆ ಏಪ್ರಿಲ್ 24ರಿಂದ ರೇಟು ಅಲ್ಲಾಡಲೇ ಇಲ್ಲ. ಮೇ 12ಕ್ಕೆ ಮತದಾನ ಆಯಿತು, 14ಕ್ಕೆ ರೇಟು ಮತ್ತೆ ಏರಲು ಶುರುವಾಯಿತು. ಮಾರುಕಟ್ಟೆಗೆ ನಮ್ಮ ಮತದಾನದ ದಿನ ಹೇಗೆ ಗೊತ್ತಾಗಬೇಕು, ಹೇಳಿ. ಕಂಪನಿ ನಷ್ಟದಲ್ಲಿದೆ ಅನ್ನುವ ಮಾತಿಗೂ ವರ್ಷ ಕೇಳಿ. 2022ರಲ್ಲಿ ಎಣ್ಣೆ ದುಬಾರಿಯಾಗಿ ನಷ್ಟವಾಗಿದ್ದು ನಿಜ. 2023-24ರಲ್ಲಿ ಮೂರು ಸರ್ಕಾರಿ ಕಂಪನಿಗಳು (ಇಂಡಿಯನ್ ಆಯಿಲ್, ಭಾರತ್ ಪೆಟ್ರೋಲಿಯಂ, ಹಿಂದೂಸ್ತಾನ್ ಪೆಟ್ರೋಲಿಯಂ) ಒಟ್ಟು ಹತ್ತಿರ 81 ಸಾವಿರ ಕೋಟಿ ಲಾಭ ಮಾಡಿದ್ದೂ ನಿಜ.

ಆಯಿಲ್ ಬಾಂಡ್ ಅಂದರೆ ರೇಟು ಏರಿಸದೆ ಮಾರಿದ್ದಕ್ಕೆ ಕೇಂದ್ರ ಕಂಪನಿಗಳಿಗೆ ನಗದಿನ ಬದಲು ಕೊಟ್ಟ ಸಾಲಪತ್ರ. ಆ ಸಾಲ ತೀರಿಸಲು ತೆರಿಗೆ ಏರಿಸಬೇಕಾಯಿತು ಅನ್ನುವ ಮಾತು ಬಂದರೆ ಎರಡೇ ಅಂಕಿ ಸಾಕು. 2005ರಿಂದ 2010ರವರೆಗೆ ಕೊಟ್ಟ ಬಾಂಡುಗಳು ಸುಮಾರು 1.4 ಲಕ್ಷ ಕೋಟಿಯವು. 2020-21 ಒಂದೇ ವರ್ಷ ಎಣ್ಣೆ ಮೇಲೆ ಬಂದ ಎಕ್ಸೈಸ್ 3.7 ಲಕ್ಷ ಕೋಟಿ. ಸಾಲ ಇತ್ತು, ಸುಳ್ಳಲ್ಲ, ಆದರೆ ಅಷ್ಟೆಲ್ಲ ತೆರಿಗೆಗೆ ಅದು ಕಾರಣ ಆಗಲಾರದು. ಪೆಟ್ರೋಲನ್ನು ಜಿಎಸ್‌ಟಿಗೆ ತರುತ್ತೇವೆ ಅನ್ನುವವರಿಗೆ, ಜಿಎಸ್‌ಟಿ ಕೌನ್ಸಿಲ್‌ನಲ್ಲಿ ನಿಮ್ಮ ಪಕ್ಷದ ರಾಜ್ಯ ಸರ್ಕಾರಗಳು ಏನು ಹೇಳಿದವು ಅಂತ ಕೇಳಿ. ಅಲ್ಲಿ ಕೇಂದ್ರವೂ ಇದೆ, ರಾಜ್ಯಗಳೂ ಇವೆ.

ಈಗ ಸ್ವಾವಲಂಬನೆ, ಅಂದರೆ ಹೊರದೇಶದ ಎಣ್ಣೆ ಕಡಿಮೆ ಮಾಡುವ ಮಾತು. ಇಲ್ಲಿ ರೂಪಾಯಿ ನೋಡಬೇಡಿ, ಆಮದಿನ ಪಾಲು ನೋಡಿ. 2015ರ ಮಾರ್ಚ್‌ನಲ್ಲಿ ಪ್ರಧಾನಿ ಮೋದಿ ಒಂದು ಗುರಿ ಇಟ್ಟರು: ಆಗ ಶೇ 77ರಷ್ಟಿದ್ದ ಆಮದನ್ನು 2022ರ ಹೊತ್ತಿಗೆ ಹತ್ತು ಪಾಯಿಂಟ್ ಇಳಿಸಬೇಕು ಅಂತ. ಆಗಿದ್ದು ಉಲ್ಟಾ, ಅದು ಶೇ 85 ದಾಟಿತು. ನಮ್ಮ ಬಾವಿಗಳಲ್ಲಿ ಎಣ್ಣೆ ಕಡಿಮೆಯಾಗುತ್ತಾ ಬಂತು, ಓಡಾಡುವ ಗಾಡಿಗಳು ಜಾಸ್ತಿಯಾದವು. 2022ರ ನಂತರ ರಷ್ಯಾದಿಂದ ಅಗ್ಗಕ್ಕೆ ತಂದೆವು, ಉಳಿತಾಯ ಆಯಿತು. ಆದರೆ ಅದು ಅಂಗಡಿ ಬದಲಾಯಿಸಿದ್ದು, ಸ್ವಂತ ಬೆಳೆ ಬೆಳೆದದ್ದಲ್ಲ. ಮಂಗಳೂರು, ಉಡುಪಿ ಹತ್ತಿರದ ಪಾದೂರು, ವಿಶಾಖಪಟ್ಟಣದಲ್ಲಿ ನೆಲದಡಿ ತುಂಬಿಡುವ ಕಚ್ಚಾ ಎಣ್ಣೆ ದೇಶಕ್ಕೆ ಹತ್ತು ದಿನಕ್ಕೂ ಸಾಲದು. ಕಷ್ಟ ಕಾಲಕ್ಕೆ ಬೇಕೇ ಬೇಕು, ಸ್ವಾವಲಂಬನೆ ಮಾತ್ರ ಅಲ್ಲ.

ಕಬ್ಬು, ಮೆಕ್ಕೆಜೋಳದಂಥ ಬೆಳೆಯಿಂದ ತೆಗೆದು ಪೆಟ್ರೋಲ್‌ಗೆ ಬೆರೆಸುವ ಎಥನಾಲ್ ವಿಷಯದಲ್ಲಿ ಆ ಎರಡು ಮಾತುಗಳ ಎಳೆದಾಟ ಚೆನ್ನಾಗಿ ಕಾಣುತ್ತದೆ. 2030ಕ್ಕೆ ಇಟ್ಟಿದ್ದ ಶೇ 20 ಬೆರಕೆಯ ಗುರಿಯನ್ನು 2025ಕ್ಕೇ ಮುಟ್ಟಿದರು. ಅಷ್ಟು ಕಚ್ಚಾ ಎಣ್ಣೆ ತರುವುದು ತಪ್ಪಿತು, ಡಾಲರ್ ಉಳಿಯಿತು. ಆದರೆ ಮೆಕ್ಕೆಜೋಳದ ಎಥನಾಲ್‌ಗೆ ಕಂಪನಿಗಳು ಕೊಟ್ಟ ದರ ಲೀಟರ್‌ಗೆ 71.86 ರೂಪಾಯಿ, ತೆರಿಗೆ ತೆಗೆದ ಪೆಟ್ರೋಲ್‌ಗಿಂತ ಜಾಸ್ತಿ. ಮೇಲಾಗಿ ಎಥನಾಲ್‌ನಲ್ಲಿ ಶಕ್ತಿ ಪೆಟ್ರೋಲ್‌ಗಿಂತ ಮೂರನೇ ಒಂದು ಪಾಲು ಕಡಿಮೆ. ಹಳೆಯ ಬೈಕಿಗೆ ಮೈಲೇಜ್ ಶೇ 3-4, ಹಳೆಯ ಕಾರಿಗೆ ಶೇ 6-7 ಇಳಿಯಬಹುದು ಅಂತ ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಅಂದರೆ ಸ್ವಾವಲಂಬನೆ ಬಂದರೆ ರೇಟು ತಾನಾಗೇ ಇಳಿಯುತ್ತದೆ ಅನ್ನುವುದು ನಿಜ ಅಲ್ಲ. ಶಿಕಾರಿಪುರ, ಸೊರಬದ ಮೆಕ್ಕೆಜೋಳದ ರೈತನಿಗೆ ಈ ಬೇಡಿಕೆ ಬೇಕು, ಅವನ ಮಗ ಕಾಲೇಜಿಗೆ ಓಡಿಸುವ ಬೈಕಿಗೆ ಮೈಲೇಜ್ ಬೇಕು. ಒಂದೇ ಮನೆಯಲ್ಲಿ ಎರಡು ಲೆಕ್ಕ ಇರಬಹುದು, ತಪ್ಪೇನಿಲ್ಲ. ನೀವು ಯಾವ ಲೆಕ್ಕದಿಂದ ಮಾತಾಡುತ್ತಿದ್ದೀರಿ ಅಂತ ನಿಮಗೆ ಗೊತ್ತಿರಲಿ.

ಕರೆಂಟ್ ಗಾಡಿ ಬಂದರೆ ಎಲ್ಲ ಸರಿಯಾಗುತ್ತದೆ ಅಂತ ಹೇಳುವವರ ಮುಂದೆ ಶರಾವತಿಯ ಮಾತು ತೆಗೆಯಿರಿ. ನಾಡಿಗೆ ಬೆಳಕು ಬೇಕು ಅಂತ 1964ರಲ್ಲಿ ಲಿಂಗನಮಕ್ಕಿ ಕಟ್ಟಿದಾಗ ಮುಳುಗಿದ್ದು ನಮ್ಮ ಊರುಗಳು. ಆ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರ 1,035 ಮೆಗಾವ್ಯಾಟಿನದು. ಮುಳುಗಡೆಯ ಕುಟುಂಬಗಳು ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿವೆ. ಈಗ ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ, ಸಿಂಗಳೀಕದ ಕಾಡಿನಲ್ಲಿ, 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಅಂತಿದ್ದಾರೆ. ಇದು ಹೊಸ ಕರೆಂಟ್ ಹುಟ್ಟಿಸುವುದಲ್ಲ. ಕರೆಂಟ್ ಜಾಸ್ತಿ ಇರುವಾಗ ನೀರನ್ನು ಮೇಲೆತ್ತಿ, ಬೇಕಾದಾಗ ಕೆಳಗೆ ಬಿಡುವುದು. ಎತ್ತಲು ಹಿಡಿಯುವ ಕರೆಂಟ್ ವಾಪಸ್ ಬರುವುದಕ್ಕಿಂತ ಜಾಸ್ತಿ. ಸೋಲಾರ್ ಹೆಚ್ಚಾದಾಗ ಹಗಲಿನ ಕರೆಂಟನ್ನು ಎಲ್ಲಾದರೂ ಕೂಡಿಡಲೇಬೇಕು, ಆ ಅಗತ್ಯ ನಾನೂ ಒಪ್ಪುತ್ತೇನೆ. ಆದರೆ ದೇಶದ ಸ್ವಾವಲಂಬನೆಗೆ ಒಂದು ಸಲ ಊರು ಕೊಟ್ಟ ಜನರನ್ನು ಕೇಳದೆ ಮತ್ತೆ ಅವರ ಕಾಡಿಗೇ ಕೈ ಹಾಕುವುದು ನ್ಯಾಯ ಅಲ್ಲ.

ಅಂಕಿಗಳನ್ನು ಎಲ್ಲಿ ನೋಡುವುದು? ಪೆಟ್ರೋಲಿಯಂ ಇಲಾಖೆಯ ಪಿಪಿಎಸಿ ವೆಬ್‌ಸೈಟಿನಲ್ಲಿ ಆಮದಿನ ಪಾಲು, ದೆಹಲಿಯ ರೇಟು ಹೇಗೆ ಕೂಡುತ್ತದೆ ಅನ್ನುವ ಪಟ್ಟಿ, ಪ್ರತಿ ರಾಜ್ಯದ ತೆರಿಗೆ ಎಲ್ಲ ಸಿಗುತ್ತದೆ. ವಾಟ್ಸಾಪ್‌ನಲ್ಲಿ ಬಂದ ಪಟ್ಟಿಯನ್ನು ಅದರ ಪಕ್ಕ ಇಟ್ಟು ನೋಡಿ, ಆಮೇಲೆ ಮಾತ್ರ ಮುಂದಕ್ಕೆ ಕಳಿಸಿ.

ಕೇಳುವಾಗ ಆಳು ನೋಡಿ ಕೇಳಿ. ಎಂಪಿ ಬಂದರೆ ಎಕ್ಸೈಸ್, ಸೆಸ್, ಆಮದಿನ ಪಾಲು. ಎಂಎಲ್‌ಎ ಬಂದರೆ ರಾಜ್ಯದ ತೆರಿಗೆ, ನಮ್ಮ ಊರಿಗೆ ಸರ್ಕಾರಿ ಬಸ್ಸು, ಶರಾವತಿ. ರೇಟು ಇಳಿಸುತ್ತೇನೆ ಅಂದವರಿಗೆ ಎಷ್ಟು ರೂಪಾಯಿ, ಯಾವ ತೆರಿಗೆಯಿಂದ, ಆ ದುಡ್ಡಿನಿಂದ ನಡೆಯುತ್ತಿದ್ದ ಯಾವ ಕೆಲಸ ನಿಲ್ಲುತ್ತದೆ ಅಂತ ಕೇಳಿ. ಸ್ವಾವಲಂಬನೆ ಅಂದವರಿಗೆ ಆಮದು ಎಷ್ಟರಿಂದ ಎಷ್ಟಕ್ಕೆ, ಯಾವ ವರ್ಷಕ್ಕೆ, ಯಾರ ಜಮೀನಿನಲ್ಲಿ ಅಂತ ಕೇಳಿ. ಉತ್ತರವನ್ನು ತಾರೀಕು ಹಾಕಿ ಬರೆದಿಟ್ಟುಕೊಳ್ಳಿ, ಮುಂದಿನ ಸಲ ಅವರು ಬಂದಾಗ ಅದನ್ನೇ ಓದಿ ಮಾತು ಶುರು ಮಾಡಿ.