ಮಂಗನ ಕಾಯಿಲೆಗೆ ನಕ್ಷೆ ಹಾಕುವಾಗ ನಾನು ಪಾಲಿಸುವ ಕ್ರಮ

ಮಂಗನ ಕಾಯಿಲೆ (ಕೆಎಫ್‌ಡಿ) ಎಂದರೆ ಕಾಡಿನಲ್ಲಿ ರಕ್ತ ಹೀರುವ ಉಣುಗು ಕಚ್ಚಿ ಬರುವ ಜ್ವರ. ಉತ್ತರ ಕನ್ನಡದ ಸಿದ್ದಾಪುರ, ಶಿರಸಿ, ಹೊನ್ನಾವರ ಭಾಗದ ಈ ಜ್ವರದ ಪ್ರಕರಣಗಳನ್ನು ನಕ್ಷೆಗೆ ತರುವಾಗ ನನಗೆ ಮುಖ್ಯವಾಗಿ ಬೇಕಾದದ್ದು ರೋಗಿ ಹೋಗಿ ಬಂದ ಬೆಟ್ಟ ಯಾವುದು ಎಂಬ ಮಾಹಿತಿ. ಮನೆ ವಿಳಾಸ ಆಮೇಲೆ. ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಸಾಮಾನ್ಯವಾಗಿ ಜ್ವರ ಕಾಣಿಸುತ್ತದೆ. ಹಾಗಾಗಿ ಅದಕ್ಕೆ ಮುಂಚಿನ ಹತ್ತು ದಿನ ದರಕು (ಒಣ ಎಲೆ) ಗುಡಿಸಲು, ಕಟ್ಟಿಗೆಗೆ, ದನ ಮೇಯಿಸಲು ಎಲ್ಲೆಲ್ಲಿ ಹೋಗಿದ್ದರು ಎಂದು ಆಶಾ ಕಾರ್ಯಕರ್ತೆ ಕೇಳಿ ಬರೆಯಬೇಕು. ತೋಟದ ಗೊಬ್ಬರಕ್ಕೆ ಸೊಪ್ಪು, ದರಕು ತರುವ ಸೊಪ್ಪಿನ ಬೆಟ್ಟ ಮನೆಯಿಂದ ದೂರ ಇರುವುದುಂಟು. ಕೂಲಿಗೆ ಹೋದವರಾದರೆ ಅದು ಬೇರೆಯೇ ಊರಿನದು. ನಕ್ಷೆಯಲ್ಲಿ ಮನೆಗೆ ಚುಕ್ಕೆ ಇಟ್ಟರೆ ಉಣುಗಿನ ಔಷಧಿ ಒಂದು ಕಡೆ, ಉಣುಗು ಇನ್ನೊಂದು ಕಡೆ.

ಮಾಹಿತಿ ತುಂಬಲು ಕೋಬೊ ಕಲೆಕ್ಟ್ ಎಂಬ ಮೊಬೈಲ್ ಆ್ಯಪ್ ಸಾಕು. ನೆಟ್‌ವರ್ಕ್ ಇಲ್ಲದಲ್ಲೂ ತುಂಬಿಟ್ಟುಕೊಂಡು, ಪೇಟೆಗೆ ಬಂದಾಗ ಕಳಿಸಬಹುದು. ಜಿಪಿಎಸ್ ಬಿಂದು ತಾನಾಗಿ ಸ್ವೀಕಾರವಾಗುವ ನಿಖರತೆ ಮೊದಲಿಗೆ 5 ಮೀಟರ್ ಎಂದು ಇರುತ್ತದೆ. ದಟ್ಟ ಮರಗಳಡಿ ಅದು ಸಿಗುವುದೇ ಕಷ್ಟ, ಕಾದು ಬೇಸತ್ತವರು ರಸ್ತೆಗೆ ಬಂದು ಒತ್ತಿಬಿಡುತ್ತಾರೆ. ಅದಕ್ಕೇ ನಾನು 20 ಮೀಟರ್ ಇಡುತ್ತೇನೆ. ಸತ್ತ ಮಂಗ ಸಿಕ್ಕ ಜಾಗಕ್ಕೆ ಮಾತ್ರ ಬಯಲಿರುವ ಕಡೆ ಸರಿದು ಇನ್ನೂ ನಿಖರ ಬಿಂದು ತೆಗೆದು, ಅಲ್ಲಿಂದ ಎಷ್ಟು ಹೆಜ್ಜೆ, ಯಾವ ದಿಕ್ಕು ಎಂದು ಬರೆಸಬೇಕು. ಸತ್ತ ಮಂಗನ ಮೈಯಿಂದ ಉಣುಗು ಸುತ್ತ ಚದುರುವುದರಿಂದ ಆ ಜಾಗದ ಸುತ್ತ 50 ಮೀಟರ್ ಮೆಲಥಿಯಾನ್ ಎಂಬ ಕೀಟನಾಶಕ ಪುಡಿ ಹಾಕುವುದು ರೂಢಿ. ಬಿಂದು 30 ಮೀಟರ್ ತಪ್ಪಿದರೆ ವೃತ್ತದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೊರಗುಳಿಯಿತು.

ಕೈಬರಹದ ಅಕ್ಷಾಂಶ-ರೇಖಾಂಶದಲ್ಲಿ ಎರಡು ತಪ್ಪು ಪದೇ ಪದೇ ಬರುತ್ತವೆ. ಎರಡೂ ಅದಲುಬದಲಾದರೆ ಶಿರಸಿಯ ಬಿಂದು ನಾರ್ವೆಯ ಉತ್ತರದ ಸಮುದ್ರದಲ್ಲಿ ಬೀಳುತ್ತದೆ, ಹಾಗಾಗಿ ತಕ್ಷಣ ಗೊತ್ತಾಗುತ್ತದೆ. ಅಪಾಯ ಇರುವುದು ಎರಡನೆಯದರಲ್ಲಿ: 14 ಡಿಗ್ರಿ 37 ನಿಮಿಷವನ್ನು 14.37 ಎಂದು ಬರೆಯುವುದು. ಸರಿಯಾದ ದಶಮಾಂಶ 14.617. ಅಷ್ಟಕ್ಕೇ ಬಿಂದು 27 ಕಿಲೋಮೀಟರ್ ದಕ್ಷಿಣಕ್ಕೆ ಜಾರುತ್ತದೆ. ರೇಖಾಂಶದ 74 ಡಿಗ್ರಿ 51 ನಿಮಿಷವೂ 74.51 ಆದರೆ ಶಿರಸಿಯ ರೋಗಿ ಘಟ್ಟ ಇಳಿದು ಕುಮಟಾ-ಹೊನ್ನಾವರದ ಕಡೆ ಕಾಣಿಸಿಕೊಳ್ಳುತ್ತಾನೆ. ಜಿಲ್ಲೆಯ ಗಡಿಯೊಳಗೇ ಇರುವುದರಿಂದ ಸಾಮಾನ್ಯ ಪರೀಕ್ಷೆಗೆ ಸಿಗುವುದಿಲ್ಲ. ಬರೆದ ತಾಲೂಕಿನ ಹೆಸರನ್ನೂ ಬಿಂದು ಬಿದ್ದ ತಾಲೂಕನ್ನೂ ಹೋಲಿಸಿದರೆ ಸಿಗುತ್ತದೆ. ದಶಮಾಂಶ ಚುಕ್ಕಿಯ ನಂತರ ಎರಡೇ ಅಂಕಿ ಇದ್ದು ಎಂದೂ 59 ದಾಟದಿದ್ದರೆ ಅನುಮಾನಪಡಿ.

ಕ್ಯೂಜಿಐಎಸ್ ಎಂಬ ನಕ್ಷೆಯ ತಂತ್ರಾಂಶದಲ್ಲಿ ವೃತ್ತ ಎಳೆಯುವ ಮೊದಲು ಬಿಂದುಗಳನ್ನು ಮೀಟರ್‌ನಲ್ಲಿ ಅಳೆಯುವ ಯುಟಿಎಂ 43ಎನ್ ಪದ್ಧತಿಗೆ ಬದಲಿಸಿಕೊಳ್ಳಿ. ಇಲ್ಲದಿದ್ದರೆ ನೀವು ಕೊಟ್ಟ 50 ಎಂದರೆ 50 ಮೀಟರ್ ಅಲ್ಲ, 50 ಡಿಗ್ರಿ.

ದಿನಾಂಕದ ಕಾಟ ಬೇರೆ. ಎಕ್ಸೆಲ್ ಅಮೆರಿಕದ ಕ್ರಮದಲ್ಲಿದ್ದರೆ ನಮ್ಮ 03/04 ಮಾರ್ಚ್ 4 ಆಗುತ್ತದೆ, 25/03 ಬರಿಯ ಪಠ್ಯವಾಗಿ ಎಡಕ್ಕೆ ಅಂಟಿಕೊಳ್ಳುತ್ತದೆ. ಒಂದೇ ಕಾಲಂನಲ್ಲಿ ಕೆಲವು ಎಡಕ್ಕೆ, ಕೆಲವು ಬಲಕ್ಕೆ ಕಂಡರೆ ಬಲಕ್ಕಿರುವವನ್ನು ನಂಬಬೇಡಿ. ಜ್ವರ ಶುರುವಾದ ದಿನ, ರಕ್ತದ ಮಾದರಿ ತೆಗೆದ ದಿನ ಎರಡೂ ಬೇಕೇಬೇಕು: ಜ್ವರದ ಎರಡನೇ ದಿನದ ಮಾದರಿಯಲ್ಲಿ ಐಜಿಎಂ (ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ) ಇಲ್ಲ ಎಂದರೆ ಕಾಯಿಲೆ ಇಲ್ಲ ಎಂದಲ್ಲ, ಆ ಹೊತ್ತಿಗೆ ವೈರಸ್ಸನ್ನೇ ಹುಡುಕುವ ಆರ್‌ಟಿ-ಪಿಸಿಆರ್ ಪರೀಕ್ಷೆ ಬೇಕು. ವರ್ಷದ ಲೆಕ್ಕವನ್ನು ಜನವರಿಯಿಂದ ಹಾಕಬಾರದು, ಏಕೆಂದರೆ ಕಾಯಿಲೆಯ ಹಂಗಾಮು ಡಿಸೆಂಬರ್ ಹೊತ್ತಿಗೆ ಶುರುವಾಗಿ ಮೇವರೆಗೂ ನಡೆಯುತ್ತದೆ. ನಾನು ನವೆಂಬರ್‌ನಿಂದ ಅಕ್ಟೋಬರ್ ಹಿಡಿಯುತ್ತೇನೆ.

ಒಬ್ಬರೇ ಎರಡು ಬಾರಿ ಎಣಿಕೆಯಾಗುವುದು ಇಲ್ಲಿ ಸುಲಭ. ಒಂದೇ ಹೆಸರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಗಡೆ, ತಾಲೂಕು ಆಸ್ಪತ್ರೆಯಲ್ಲಿ ಹೆಗ್ಡೆ. ಅದಕ್ಕಿಂತ ಸೂಕ್ಷ್ಮವಾದದ್ದು ಕಾಯಿಲೆಯ ಸ್ವಭಾವ: ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರದ ನಂತರ ಮತ್ತೆ ಬರುತ್ತದೆ, ಆಗ ತಲೆನೋವು, ನಡುಕ, ಗೊಂದಲ ಕಾಣಬಹುದು. ಅದು ಹೊಸ ಪ್ರಕರಣವಲ್ಲ. ಫೋನ್ ಸಂಖ್ಯೆ, ವಯಸ್ಸು, ಮಜರೆ ಹೊಂದಿದರೆ 45 ದಿನದೊಳಗಿನದ್ದನ್ನು ಒಂದೇ ಸಾಲಿಗೆ ಸೇರಿಸುತ್ತೇನೆ. ಊರಿನ ಹೆಸರಿಗೆ ಕಾಗುಣಿತ ನಂಬದೆ ಸರ್ಕಾರದ ಗ್ರಾಮ ಸಂಕೇತ ಬಳಸುತ್ತೇನೆ.

ನೆಗೆಟಿವ್ ಬಂದವರನ್ನೂ ನಕ್ಷೆಯಲ್ಲಿಡಿ. ಪಾಸಿಟಿವ್ ಮಾತ್ರ ಇಟ್ಟರೆ ಯಾವ ಊರಲ್ಲಿ ಹೆಚ್ಚು ಪರೀಕ್ಷೆ ನಡೆಯಿತು ಎಂಬುದಷ್ಟೇ ಕಾಣುತ್ತದೆ. ಖಾಲಿ ಜಾಗ ಕಂಡಲ್ಲಿ ಕಾಯಿಲೆ ಇಲ್ಲವೋ, ಮಾದರಿಯೇ ತೆಗೆದಿಲ್ಲವೋ ತಿಳಿಯದು. ಕಾಯಿಲೆಯ ಮುನ್ಸೂಚನೆ ಕೊಡುವ ಗಣಿತದ ಮಾಡೆಲ್ ಕಟ್ಟುವ ಉತ್ಸಾಹ ಇದ್ದವರು ಮೊದಲು ಇಷ್ಟನ್ನು ಸರಿ ಮಾಡಬೇಕು.

ಪಂಚಾಯ್ತಿಗೆ ಕೊಡುವ ಪ್ರತಿಯಲ್ಲಿ ಚುಕ್ಕೆ ಇರುವುದಿಲ್ಲ, ಬೆಟ್ಟದ ಹೆಸರು ಮತ್ತು ವಾರ ಮಾತ್ರ. ನಾಲ್ಕೇ ಮನೆಯ ಮಜರೆಯಲ್ಲಿ ಒಂದು ಚುಕ್ಕೆ ಎಂದರೆ ರೋಗಿಯ ಹೆಸರು ಹೇಳಿದಂತೆಯೇ. ಆಶಾ ಕಾರ್ಯಕರ್ತೆಯ ಕೈಗೆ ಹೋಗುವ ಹಾಳೆಯಲ್ಲಿ ಮುಂದಿನ ವಾರ ಯಾವ ಯಾವ ಬೆಟ್ಟಕ್ಕೆ ಹೋಗುವವರಿಗೆ ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ ತಲುಪಬೇಕು ಎಂಬ ಪಟ್ಟಿ, ದೊಡ್ಡಕ್ಷರದಲ್ಲಿ, ಒಂದೇ ಪುಟ.