ನಮ್ಮ ಬ್ಯಾಡ್ಮಿಂಟನ್ ಟೀಮ್ ಉಳಿದಿದ್ದು ದೋಸೆ ಮಾರಿ ಅಲ್ಲ, ಯೂನಿಟ್ ಎಣಿಸಿ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಒಂದು ಕಮ್ಯುನಿಟಿ ಕಾಲೇಜಿನ (ಎರಡು ವರ್ಷದ ಸರ್ಕಾರಿ ಕಾಲೇಜು) ಮಹಿಳಾ ಬ್ಯಾಡ್ಮಿಂಟನ್ ಟೀಮಿಗೆ ನಾನು ಪಾರ್ಟ್ ಟೈಮ್ ಕೋಚ್. ಕೆಲವು ವರ್ಷಗಳ ಹಿಂದೆ ಈ ಟೀಮನ್ನು ಮುಚ್ಚುವ ಮಾತು ನಡೆದಿತ್ತು. ಈಗ ಆ ಮಾತಿಲ್ಲ, ಬಜೆಟ್ ಕೂಡ ಸ್ವಲ್ಪ ಏರಿದೆ. ಲೆಕ್ಕ ತೋರಿಸಿ ಟೀಮ್ ಉಳಿಸ್ತೀನಿ ಅಂದಾಗ ಪಕ್ಕದ ಕಾಲೇಜುಗಳ ಕೋಚ್‌ಗಳೇ ಆಗಲ್ಲ ಅಂತ ತಲೆ ಅಲ್ಲಾಡಿಸಿದ್ದರು. ಹೇಗೆ ಮಾಡಿದ್ರಿ ಅಂತ ಈಗ ಅವರೇ ಕೇಳುತ್ತಿದ್ದಾರೆ. ಇಲ್ಲಿ ಕೋಚಿಂಗ್ ಮಾಡುವ ನಮ್ಮವರೂ ಒಂದಿಷ್ಟು ಜನ ಇದ್ದೀರಲ್ಲ, ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಂಕಿಗಳು ನೆನಪಿನಿಂದ, ನೂರಿನ್ನೂರು ಡಾಲರ್ ಆಚೀಚೆ ಇರಬಹುದು.

ನನ್ನ ಸಂಬಳ ಬಿಟ್ಟು ಟೀಮಿನ ಖರ್ಚು ಆಗ ವರ್ಷಕ್ಕೆ ಒಂಬತ್ತು, ಹತ್ತು ಸಾವಿರ ಡಾಲರ್. ಅದರಲ್ಲಿ ಶಟಲ್‌ಗೇ ಮೂರೂವರೆ ಸಾವಿರ. ಆಮೇಲೆ ವ್ಯಾನ್ ಬಾಡಿಗೆ, ಊಟ, ಜೆರ್ಸಿ, ಕೊನೆಗೆ ಸ್ಟೇಟ್ ಚಾಂಪಿಯನ್‌ಶಿಪ್ ದಕ್ಷಿಣದಲ್ಲಿದ್ದರೆ ಹೋಟೆಲ್. ಫುಟ್‌ಬಾಲ್ ಟೀಮಿನ ಹೆಲ್ಮೆಟ್‌ಗೂ ಸಾಲದ ದುಡ್ಡು ಇದು. ಆದರೆ ಕತ್ತರಿ ಹಾಕುವಾಗ ಮೊದಲು ಕಣ್ಣಿಗೆ ಬೀಳುವುದು ಚಿಕ್ಕ ಟೀಮ್. ಹುಡುಗಿಯರು ಬೇರೆ ಎಂಟೇ ಜನ ಇದ್ದರು.

ಮೊದಲು ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು, ಫಂಡ್‌ರೈಸಿಂಗ್. ಕಾರ್ ತೊಳೆದೆವು, ಟೀ ಶರ್ಟ್ ಮಾರಿದೆವು. ದೀಪಾವಳಿ ಹೊತ್ತಿಗೆ ಕನ್ನಡ ಕೂಟದ ಗೆಳೆಯರ ಜೊತೆ ಸೇರಿ ದೋಸೆ ಸ್ಟಾಲ್ ಹಾಕಿದೆವು. ದೋಸೆಗೆ ಸಾಲು ಕರಗಲೇ ಇಲ್ಲ, ಸಾವಿರದ ನೂರು ಡಾಲರ್ ವ್ಯಾಪಾರ ಆಯಿತು. ಕೌಂಟಿಯ ಆಹಾರ ಪರ್ಮಿಟ್, ಗ್ಯಾಸ್, ಹಿಟ್ಟು, ಬಾಡಿಗೆ ಕಾವಲಿ ಎಲ್ಲ ಕಳೆದ ಮೇಲೆ ಕೈಗೆ ಬಂದಿದ್ದು ಮುನ್ನೂರು ಚಿಲ್ಲರೆ. ಹತ್ತು ಟ್ಯೂಬ್ ಶಟಲ್ ಬಂತು ಅಷ್ಟೇ. ಅಷ್ಟಕ್ಕಾಗಿ ಹುಡುಗಿಯರ ಎರಡು ವಾರಾಂತ್ಯದ ಪ್ರಾಕ್ಟೀಸ್ ಹೋಯಿತು, ಅದು ನನಗೆ ಇವತ್ತಿಗೂ ನೋವು.

ಟೆಕ್ ಕಂಪನಿಗಳಿಗೆ ಸ್ಪಾನ್ಸರ್ ಕೇಳಿ ಮೇಲ್ ಮೇಲೆ ಮೇಲ್ ಹಾಕಿದೆ. ಉತ್ತರ ಬಂದಿದ್ದು ಬೆರಳೆಣಿಕೆ, ದುಡ್ಡು ಬಂದಿದ್ದು ಒಂದೇ ಕಡೆಯಿಂದ, ಅದೂ ಗೆಳತಿಯೊಬ್ಬಳ ಗಂಡನ ಸ್ಟಾರ್ಟಪ್. ಯಾರು ಕೊಟ್ಟರೂ ಕಾಲೇಜ್ ಫೌಂಡೇಶನ್ (ಕಾಲೇಜಿನ ದೇಣಿಗೆ ಟ್ರಸ್ಟ್) ಮೂಲಕವೇ ತೆಗೆದುಕೊಳ್ಳಿ, ಕೈಗೆ ಚೆಕ್ ಮುಟ್ಟಬೇಡಿ. ಇದು ನಿಮಗೆ ಗೊತ್ತೇ ಇರುತ್ತದೆ.

ದಾರಿ ಸಿಕ್ಕಿದ್ದು ರೂಲ್ ಪುಸ್ತಕದಲ್ಲೇ. ಇಲ್ಲಿನ ಕಮ್ಯುನಿಟಿ ಕಾಲೇಜುಗಳ ಕ್ರೀಡಾ ಸಂಘ ಸಿಸಿಸಿಎಎ ಪ್ರಕಾರ ಸೀಸನ್‌ನಲ್ಲಿ ಆಡುವವರು 12 ಯೂನಿಟ್ (ಪಾಠದ ಕ್ರೆಡಿಟ್; 12 ಅಂದರೆ ಫುಲ್ ಟೈಮ್) ಓದುತ್ತಿರಲೇಬೇಕು, ಅದರಲ್ಲಿ 9 ಆದರೂ ಡಿಗ್ರಿಗೋ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್‌ಗೋ ಲೆಕ್ಕಕ್ಕೆ ಬರುವ ಪಾಠ ಆಗಿರಬೇಕು. ಎರಡನೇ ಸೀಸನ್ ಆಡಬೇಕೆಂದರೆ ಅಷ್ಟರೊಳಗೆ 24 ಯೂನಿಟ್ ಮುಗಿಸಿ ಜಿಪಿಎ 2.0 ಇಟ್ಟುಕೊಂಡಿರಬೇಕು. ನಾವೆಲ್ಲ ಇದನ್ನು ತಲೆನೋವು ಅಂತಲೇ ನೋಡಿದವರು, ಅಲ್ವಾ? ಆದರೆ ಕಾಲೇಜಿಗೆ ರಾಜ್ಯದ ದುಡ್ಡು ಬರುವುದೇ ಓದುವ ಗಂಟೆಗಳ ಮೇಲೆ. 525 ಗಂಟೆಗೆ ಒಂದು ಎಫ್‌ಟಿಇಎಸ್ (ಒಬ್ಬ ಫುಲ್ ಟೈಮ್ ವಿದ್ಯಾರ್ಥಿಯ ವರ್ಷದ ಓದಿಗೆ ಸಮ ಅನ್ನುವ ಅಳತೆ), ಅದಕ್ಕೆ 5,000 ಡಾಲರ್‌ಗಿಂತ ಸ್ವಲ್ಪ ಜಾಸ್ತಿ. ಟೀಮಿನ ಕ್ಲಾಸೇ (ಪ್ರಾಕ್ಟೀಸನ್ನೇ ಕಾಲೇಜು ಕ್ಲಾಸ್ ಆಗಿ ಹಿಡಿಯುತ್ತದೆ) ಒಬ್ಬೊಬ್ಬರಿಗೆ ವರ್ಷಕ್ಕೆ 175 ಗಂಟೆವರೆಗೆ ಲೆಕ್ಕಕ್ಕೆ ಬರುತ್ತದೆ. ಅಂದರೆ ಒಂದು ಎಫ್‌ಟಿಇಎಸ್‌ನ ಮೂರನೇ ಒಂದು ಭಾಗ ಅಲ್ಲೇ ಆಯಿತು. ಕಂಡೀಶನಿಂಗ್ ಕ್ಲಾಸ್ ಇದ್ದರೆ ಅದು ಬೇರೆ.

ಇದನ್ನು ಹಿಡಿದುಕೊಂಡು ಮೊದಲ ಸಲ ಹೋದಾಗ ಡೀನ್ ಒಂದೇ ಮಾತಿನಲ್ಲಿ ಬಾಗಿಲು ಹಾಕಿದರು. "ಈ ಹುಡುಗಿಯರು ಟೀಮ್ ಇಲ್ಲದಿದ್ದರೂ ನಮ್ಮ ಕಾಲೇಜಿಗೇ ಬರ್ತಿದ್ರು, ಇದರಲ್ಲಿ ಹೊಸ ದುಡ್ಡೇನಿದೆ?" ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಇಲ್ಲದ್ದಕ್ಕೇ ಎಷ್ಟೋ ಕೋಚ್‌ಗಳ ಫೈಲ್ ವಾಪಸ್ ಬಂದಿದೆ.

ಹಾಗಾಗಿ ಲೆಕ್ಕವನ್ನೇ ತಿರುಗಿಸಿದೆ. ಕಾಲೇಜಿನ ಅಂಕಿ ಅಂಶ ಇಡುವ ರಿಸರ್ಚ್ ಆಫೀಸಿನವರನ್ನು ಹಿಡಿದು, ಹೆಸರಿಲ್ಲದೆ ಬರೀ ಮೊತ್ತ ಕೊಡಿ ಎಂದು ಕೇಳಿಕೊಂಡೆ. ಟೀಮ್ ಸೇರುವ ಮೊದಲಿನ ಸೆಮಿಸ್ಟರ್‌ನಲ್ಲಿ ಎಷ್ಟು ಯೂನಿಟ್, ಸೇರಿದ ಮೇಲೆ ಎಷ್ಟು? ಅರ್ಧಕ್ಕಿಂತ ಜಾಸ್ತಿ ಹುಡುಗಿಯರು ಮೊದಲು ಆರೇಳು ಯೂನಿಟ್ ಓದುತ್ತಾ, ಉಳಿದ ಹೊತ್ತಿನಲ್ಲಿ ಬೋಬಾ ಟೀ ಅಂಗಡಿಯಲ್ಲೋ ನೇಲ್ ಸಲೂನ್‌ನಲ್ಲೋ ಕೆಲಸ ಮಾಡುತ್ತಿದ್ದರು. ಆಡಬೇಕು ಎನ್ನುವ ಆಸೆಗೆ 12ಕ್ಕೆ ಏರಿದ್ದರು. ಏಳರಿಂದ ಹನ್ನೆರಡಕ್ಕೆ ಏರಿದವಳನ್ನೇ ತಗೊಳ್ಳಿ. ಹೆಚ್ಚಿದ ಐದರಲ್ಲಿ ಮೂರು ಯೂನಿಟ್ ಟೀಮ್ ಕ್ಲಾಸಿನದು, 175 ಗಂಟೆ. ಮಿಕ್ಕ ಎರಡು ಯೂನಿಟ್‌ಗೆ 35 ಗಂಟೆ. ಒಟ್ಟು 210, ಅಂದರೆ 0.4 ಎಫ್‌ಟಿಇಎಸ್, ಅಂದರೆ ಎರಡು ಸಾವಿರ ಡಾಲರ್‌ಗೂ ಮೇಲೆ. ಅವಳು ಹೇಗಿದ್ದರೂ ಓದುತ್ತಿದ್ದ ಏಳು ಯೂನಿಟ್ಟನ್ನು ನಾನು ಮುಟ್ಟಲೇ ಇಲ್ಲ. ಮೊದಲೇ ಫುಲ್ ಟೈಮ್ ಇದ್ದವಳಿಗೆ ಟೀಮ್ ಕ್ಲಾಸ್ ಮಾತ್ರ ಹಾಕಿದೆ. ಬೇರೆ ದೇಶದಿಂದ ವೀಸಾದಲ್ಲಿ ಬಂದು ಓದುವವರನ್ನು ಸೇರಿಸಲಿಲ್ಲ, ಅವರಿಗೆ ರಾಜ್ಯ ದುಡ್ಡು ಕೊಡುವುದಿಲ್ಲ. ಹೀಗೆ ಜಿಪುಣತನದಿಂದ ಎಣಿಸಿದರೂ ಆಮೇಲೆ ಹದಿನಾರಕ್ಕೆ ಏರಿದ ನಮ್ಮ ಟೀಮಿಗೆ ಆರು ಎಫ್‌ಟಿಇಎಸ್ ಹತ್ತಿರ ಬರುತ್ತದೆ, ಮೂವತ್ತು ಸಾವಿರ ಡಾಲರ್ ದಾಟುತ್ತದೆ. ಖರ್ಚು ಕಳೆದು, ನನ್ನ ಪಾರ್ಟ್ ಟೈಮ್ ಸಂಬಳ ಕಳೆದರೂ ಕಾಲೇಜಿನ ಕೈಗೆ ಸ್ವಲ್ಪ ಉಳಿಯುತ್ತದೆ.

ಒಂದು ವಿಷಯ ಸ್ಪಷ್ಟ ಹೇಳಿಬಿಡುತ್ತೇನೆ. ನಿಮ್ಮ ಡಿಸ್ಟ್ರಿಕ್ಟ್ (ಕಾಲೇಜು ನಡೆಸುವ ಸ್ಥಳೀಯ ಸಂಸ್ಥೆ) ಬೇಸಿಕ್ ಏಡ್ ಆಗಿದ್ದರೆ, ಅಂದರೆ ಆಸ್ತಿ ತೆರಿಗೆಯಿಂದಲೇ ನಡೆಯುತ್ತಿದ್ದರೆ, ಈ ಲೆಕ್ಕ ಕೆಲಸ ಮಾಡುವುದಿಲ್ಲ. ಹೋಲ್ಡ್ ಹಾರ್ಮ್‌ಲೆಸ್‌ನಲ್ಲಿ, ಅಂದರೆ ವಿದ್ಯಾರ್ಥಿಗಳು ಕಡಿಮೆಯಾದರೂ ಹಳೆಯ ಮೊತ್ತಕ್ಕಿಂತ ಇಳಿಯದ ಗ್ಯಾರಂಟಿ ದುಡ್ಡಿನಲ್ಲಿ, ಕೂತ ಡಿಸ್ಟ್ರಿಕ್ಟ್‌ಗೂ ಹೊಸ ಎಫ್‌ಟಿಇಎಸ್‌ನಿಂದ ತಕ್ಷಣ ದುಡ್ಡು ಬರಲ್ಲ. ಮೇಲಾಗಿ ರಾಜ್ಯ ದುಡ್ಡು ಹಂಚುವ 2018ರ ಫಾರ್ಮುಲಾದಲ್ಲಿ ಮೂರು ವರ್ಷದ ಸರಾಸರಿ ಹಿಡಿಯುತ್ತಾರೆ, ಹಾಗಾಗಿ ಏರಿಕೆ ನಿಧಾನಕ್ಕೆ ಕಾಣುತ್ತದೆ. ಫೈನಾನ್ಸ್ ಆಫೀಸಿನವರು ಇದನ್ನು ಎತ್ತುವ ಮೊದಲು ನೀವೇ ಹೇಳಿ. ನಾನು ಹಾಗೆ ಹೇಳಿದ ಮೇಲೆಯೇ ಅವರು ಪೆನ್ ತೆಗೆದು ನನ್ನ ಶೀಟ್ ಮೇಲೆ ಬರೆದುಕೊಳ್ಳಲು ಶುರು ಮಾಡಿದ್ದು.

ಎಂಟರಿಂದ ಹದಿನಾರಕ್ಕೆ ಹೇಗೆ ಹೋದೆ? ನಮ್ಮ ಆಟದ ಲಾಭವೇ ಇದು. ಒಬ್ಬಳು ಹೆಚ್ಚಿಗೆ ಬಂದರೆ ಒಂದು ಜೆರ್ಸಿ, ನಾಲ್ಕೈದು ಟ್ಯೂಬ್ ಶಟಲ್, ಅಷ್ಟೇ. ಕ್ಯುಪರ್ಟಿನೊ, ಫ್ರೀಮಾಂಟ್, ಮಿಲ್ಪಿಟಾಸ್ ಕಡೆ ಹೈಸ್ಕೂಲ್ ಬ್ಯಾಡ್ಮಿಂಟನ್ ಎಷ್ಟು ಜೋರು ಅಂತ ನೋಡಿದವರಿಗೆ ಗೊತ್ತು. ಅಲ್ಲಿ ಜೆವಿಯಲ್ಲಿ, ಅಂದರೆ ಶಾಲೆಯ ಎರಡನೇ ಟೀಮಿನಲ್ಲಿ, ಉಳಿದುಬಿಟ್ಟ ಹುಡುಗಿಯರು ನಮ್ಮಲ್ಲಿ ಚೆನ್ನಾಗಿ ಆಡುತ್ತಾರೆ. ನಮ್ಮ ರಿಕ್ರೂಟಿಂಗ್ ಏರಿಯಾದಾಚೆ ನಾವಾಗಿ ಹೋಗಿ ಕರೆಯುವ ಹಾಗಿಲ್ಲ, ಅಥ್ಲೆಟಿಕ್ ಸ್ಕಾಲರ್‌ಶಿಪ್ಪಂತೂ ಕೊಡುವ ಹಾಗೇ ಇಲ್ಲ. ಹಾಗಿದ್ದರೆ ಏನು ಹೇಳಿ ಕರೆಯುವುದು?

ನಾನು ಅಪ್ಪ ಅಮ್ಮನ ಹತ್ತಿರ ಫೀಸ್ ಮಾತಾಡುತ್ತೇನೆ. ಯೂನಿಟ್‌ಗೆ 46 ಡಾಲರ್. ಏಳು ಯೂನಿಟ್ ಓದಿದರೆ 322 ಡಾಲರ್ ಕೈಯಿಂದ ಹೋಗುತ್ತದೆ. ಮೊದಲ ಸಲ ಕಾಲೇಜಿಗೆ ಬಂದವಳು ಫುಲ್ ಟೈಮ್ ಸೇರಿದರೆ, ಕಾಲೇಜ್ ಪ್ರಾಮಿಸ್ ಅನ್ನುವ ಫೀಸ್ ಮನ್ನಾ ಯೋಜನೆ ಸಿಕ್ಕಿದಲ್ಲಿ ಎರಡು ವರ್ಷ ಆ ಫೀಸೇ ಇಲ್ಲ. ಜಾಸ್ತಿ ಓದಿದರೆ ಕಡಿಮೆ ಖರ್ಚು! ಇದನ್ನು ಹಾಳೆ ಮೇಲೆ ಬರೆದು ತೋರಿಸಿದಾಗ ಎಷ್ಟೋ ಅಮ್ಮಂದಿರ ಮುಖ ಬದಲಾಗಿದೆ. ಯಾವ ಹೈಸ್ಕೂಲಿಗೆ ಯಾವ ತಿಂಗಳು ಹೋಗುತ್ತೇನೆ ಅನ್ನೋದು ಮಾತ್ರ ಇಲ್ಲಿ ಬರೆಯಲ್ಲ. ಪಕ್ಕದ ಕೋಚ್‌ಗಳೂ ಇದನ್ನು ಓದುತ್ತಾರೆ.

ಟೈಟಲ್ ನೈನ್ (ಓದು, ಆಟದಲ್ಲಿ ಹೆಣ್ಣುಮಕ್ಕಳಿಗೆ ಸಮಾನ ಅವಕಾಶ ಕೊಡಬೇಕೆನ್ನುವ ಕಾನೂನು) ಮಾತನ್ನು ನಾನು ಜೋರಾಗಿ ಎತ್ತಲಿಲ್ಲ. ಪ್ರತಿ ಕಾಲೇಜಿನ ಇಎಡಿಎ ವರದಿ, ಅಂದರೆ ಕ್ರೀಡೆಯಲ್ಲಿ ಗಂಡು ಹೆಣ್ಣಿನ ಲೆಕ್ಕ ಕೊಡುವ ವರದಿ, ಆನ್‌ಲೈನ್‌ನಲ್ಲೇ ಸಿಗುತ್ತದೆ. ನಮ್ಮಲ್ಲಿ ಓದುವ ಹುಡುಗಿಯರೆಷ್ಟು, ಆಡುವ ಹುಡುಗಿಯರೆಷ್ಟು ಎನ್ನುವ ಎರಡು ಸಾಲನ್ನು ಶೀಟಿನ ಕೆಳಗೆ ಸುಮ್ನೆ ಹಾಕಿದೆ. 1972ರ ಆ ಕಾನೂನಿನ ಪಾಠವನ್ನು ಡೀನ್‌ಗೆ ನಾನು ಹೇಳಬೇಕಾಗಿರಲಿಲ್ಲ. ಆದರೆ ಇಎಡಿಎಯ ಆದಾಯದ ಅಂಕಿಯನ್ನು ನಂಬಿ ಕೂರಬೇಡಿ. ಬಹಳ ಕಾಲೇಜುಗಳು ಆದಾಯ, ಖರ್ಚು ಎರಡಕ್ಕೂ ಒಂದೇ ಅಂಕಿ ಬರೆದಿರುತ್ತವೆ.

ಇನ್ನು ಶಟಲ್. ಒಂದು ಟ್ಯೂಬ್‌ನಲ್ಲಿ ಹನ್ನೆರಡು. ಮೊದಲು ಇಪ್ಪತ್ತೈದು ಡಾಲರ್ ಆಸುಪಾಸು ಇದ್ದದ್ದು ನೋಡನೋಡುತ್ತಾ ಮೂವತ್ತೈದು ದಾಟಿತು. ಸಿಂಥೆಟಿಕ್ ಗರಿಯವನ್ನು ಒಂದು ಸೀಸನ್ ನೋಡಿದೆ. ಬಾಳಿಕೆ ಬರುತ್ತವೆ, ಆದರೆ ನೆಟ್ ಹತ್ತಿರ ಉರುಳುವ ರೀತಿಯೇ ಬೇರೆ. ಮ್ಯಾಚಲ್ಲಿ ಗರಿ ಶಟಲ್ ಬಂದ ತಕ್ಷಣ ಹುಡುಗಿಯರ ನೆಟ್ ಶಾಟ್ ಕೆಟ್ಟಿತು. ಈಗ ಅವು ವಾರ್ಮಪ್‌ಗೆ ಮಾತ್ರ. ಬಾತುಕೋಳಿ ಗರಿಯ ಅಗ್ಗದ ಶಟಲ್ ಪ್ರಾಕ್ಟೀಸ್‌ಗೆ, ಹೆಬ್ಬಾತಿನದು ಮ್ಯಾಚ್‌ಗೆ. ಹಿಂದಿನ ರಾತ್ರಿ ಟ್ಯೂಬ್‌ಗೆ ಹಬೆ ಹಿಡಿದು ಮುಚ್ಚಿಡುತ್ತೇವೆ. ದಾವಣಗೆರೆಯಲ್ಲಿ ನಮ್ಮ ಕೋಚ್ ಸರ್ ಸ್ಟೀಲ್ ಚೊಂಬಿನಲ್ಲಿ ಬಿಸಿನೀರಿಟ್ಟು ಇದನ್ನೇ ಮಾಡುತ್ತಿದ್ದರು. ಎಷ್ಟು ಸೆಕೆಂಡ್, ಯಾವ ತುದಿಗೆ ಅನ್ನೋದನ್ನು ನನ್ನ ಹುಡುಗಿಯರಿಗಷ್ಟೇ ಹೇಳಿದ್ದೇನೆ. ಮ್ಯಾಚಲ್ಲಿ ಸ್ವಲ್ಪ ಗರಿ ಹೋದದ್ದು ಸಿಂಗಲ್ಸ್ ಡ್ರಿಲ್‌ಗೆ, ಪೂರ್ತಿ ಹೋದದ್ದು ಮಲ್ಟಿ ಶಟಲ್ (ಕೋಚ್ ಒಂದರ ಹಿಂದೊಂದು ಶಟಲ್ ಕೊಡುವ ಡ್ರಿಲ್) ಬುಟ್ಟಿಗೆ. ಹೀಗೆ ಬೇರೆ ಮಾಡಿಡಲು ಶುರು ಮಾಡಿದ ಮೇಲೆ ಹುಡುಗಿಯರು ದುಪ್ಪಟ್ಟಾದರೂ ಶಟಲ್ ಖರ್ಚು ನಾಲ್ಕು ಸಾವಿರ ದಾಟಿಲ್ಲ.

ಏಳುನೂರು ಡಾಲರ್‌ಗೆ ಹಳೆಯ ಸ್ಟ್ರಿಂಗಿಂಗ್ ಮಶೀನ್ ಕೊಂಡಿದ್ದೂ ಒಳ್ಳೆಯದಾಯಿತು. 200 ಮೀಟರ್ ರೀಲ್‌ನಲ್ಲಿ ಇಪ್ಪತ್ತು ರ‍್ಯಾಕೆಟ್. ಹೊರಗೆ ಇಪ್ಪತ್ತು ಡಾಲರ್ ಕೊಡುವ ಕಡೆ ನಮಗೆ ನಾಲ್ಕೈದು ಡಾಲರ್ ಬೀಳುತ್ತದೆ. ಇಬ್ಬರು ಹುಡುಗಿಯರು ಅಚ್ಚುಕಟ್ಟಾಗಿ ಹಾಕುತ್ತಾರೆ. ವ್ಯಾನ್ ವಿಷಯದಲ್ಲಿ, 15 ಸೀಟಿನದಕ್ಕೆ ಬೇರೆ ಲೈಸೆನ್ಸ್ ಬೇಕು, ಮಿನಿವ್ಯಾನ್‌ಗಳೇ ಸಲೀಸು.

ಯೂನಿಟ್ ಶೀಟ್ ಈಗ ಪ್ರತಿ ವರ್ಷ ಪ್ರೋಗ್ರಾಂ ರಿವ್ಯೂ (ವಿಭಾಗಗಳ ಪರಿಶೀಲನಾ ವರದಿ) ಜೊತೆ ಹೋಗುತ್ತದೆ. ಅದೇ ಡೀನ್ ಇದನ್ನು ಸಾಫ್ಟ್‌ಬಾಲ್ ಕೋಚ್‌ಗೂ ಕೊಟ್ಟು ಹೀಗೇ ಮಾಡಿ ಅಂದರಂತೆ. ಕೇಳಿ ತುಂಬಾ ಖುಷಿಯಾಯಿತು. ನೀವೂ ಮಾಡುವುದಿದ್ದರೆ ಸ್ಪ್ರಿಂಗ್‌ವರೆಗೆ ಕಾಯಬೇಡಿ. ಬಜೆಟ್ ವರ್ಷ ಜುಲೈ 1ಕ್ಕೆ ಶುರುವಾದರೂ ಯಾರಿಗೆ ಎಷ್ಟು ಅನ್ನುವ ಮಾತು ನಮ್ಮಲ್ಲಿ ಫಾಲ್ ಸೆಮಿಸ್ಟರ್‌ನಲ್ಲೇ, ಅಂದರೆ ಡಿಸೆಂಬರ್‌ನೊಳಗೆ, ಮುಗಿದಿರುತ್ತದೆ. ರಿಸರ್ಚ್ ಆಫೀಸಿನಿಂದ ಅಂಕಿ ಬರಲು ನನಗೆ ಒಂದೂವರೆ ತಿಂಗಳು ಹಿಡಿದಿತ್ತು. ಆಗಸ್ಟ್‌ನಲ್ಲೇ ಕೇಳಿಟ್ಟುಕೊಳ್ಳಿ.