ಮೊದಲು ಗ್ಯಾಸು, ಆಮೇಲೆ ಆಧಾರು: ಊರು ಬದಲಾದಾಗ ಅಡ್ರೆಸ್ ಬದಲಿಸಿದ ನನ್ನ ಕ್ರಮ

ಮನೆ ಬದಲಿಸಿದವರಿಗೆ ಎಲ್ಲರೂ ಹೇಳುವುದು ಒಂದೇ ಮಾತು: ಮೊದಲು ಆಧಾರ್ ಮಾಡಿಸಿ, ಉಳಿದದ್ದು ತಾನಾಗಿ ಆಗುತ್ತೆ. ಸ್ವಂತ ಮನೆಯವರಿಗೆ ಅದು ಸರಿ, ಬಾಡಿಗೆಯವರಿಗೆ ಅಲ್ಲ. ಮೈಸೂರಿನಿಂದ ಬೆಂಗಳೂರಿಗೆ ಬಂದಾಗ ನಾನು ಹಿಡಿದ ಕ್ರಮ ಗ್ಯಾಸ್, ಆಧಾರ್, ಬ್ಯಾಂಕ್, ಕೊನೆಗೆ ಫೋನು, ರೂಟರು. ‘ಗ್ಯಾಸ್ ಬಿಲ್ಲನ್ನ ಯಾರ್ರೀ ಒಪ್ತಾರೆ’ ಎಂದು ನಕ್ಕವರೇ ಈಗ ಫೋನ್ ಮಾಡಿ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದೇ ಬಿಟ್ಟೆ.

ಮೊದಲು ಸೋತದ್ದನ್ನು ಹೇಳುತ್ತೇನೆ. ಆಧಾರ್‌ಗೆ ಮೊದಲ ಅರ್ಜಿ ಬಾಡಿಗೆ ಕರಾರಿನ ಮೇಲೆ ಹಾಕಿದೆ. ಹನ್ನೊಂದು ತಿಂಗಳ ಕರಾರು, ಆರು ಪುಟ. ಅಪ್‌ಲೋಡ್ ಮಿತಿ 2 ಎಂಬಿ. ಕಲರ್ ಸ್ಕ್ಯಾನ್ ಏಳೆಂಟು ಎಂಬಿ ಬಂತು. ಹಿಂಡಿ ಹಿಂಡಿ 2ಕ್ಕೆ ಇಳಿಸುವಷ್ಟರಲ್ಲಿ ಇ-ಸ್ಟ್ಯಾಂಪಿನ ನಂಬರು, ಸಹಿ ಎರಡೂ ಮಸಿ ಬಳಿದಂತಾದವು. ತಿರಸ್ಕೃತ. ಎರಡನೇ ಸಲ ಮಾಲೀಕರ ಹೆಸರಿನ ಕರೆಂಟ್ ಬಿಲ್ಲನ್ನು ಕರಾರಿನ ಜೊತೆ ಒಂದೇ ಪಿಡಿಎಫ್ ಮಾಡಿ ಹಾಕಿದೆ. ಬಿಲ್ಲಿನಲ್ಲಿ ನಮ್ಮ ಹೆಸರಿಲ್ಲದಿದ್ದರೆ ನಡೆಯುವುದಿಲ್ಲ ಎಂದು ಗೊತ್ತಿದ್ದೂ ಮಾಡಿದ ಪೆದ್ದುತನ ಅದು. ಪ್ರತಿ ಅರ್ಜಿಗೂ ಆಗ 50 ರೂಪಾಯಿ. 2025ರ ಅಕ್ಟೋಬರಿನಿಂದ 75 ಆಗಿದೆ. ತಿರಸ್ಕೃತವಾದರೆ ವಾಪಸಿಲ್ಲ. ಹೋದ ನೂರು ರೂಪಾಯಿಗಿಂತ ಹೆಚ್ಚು ಕಾಡಿದ್ದು ಹೋದ ದಿನಗಳು: ಒಂದು ಅರ್ಜಿ ಇತ್ಯರ್ಥವಾಗುವ ತನಕ ಇನ್ನೊಂದು ಹಾಕಲಾಗದು.

ಗ್ಯಾಸಿನ ದಾರಿ ಹೀಗೆ. ಊರು ಬದಲಾದರೆ ಹಳೇ ಏಜೆನ್ಸಿಗೆ ಸಿಲಿಂಡರು, ರೆಗ್ಯುಲೇಟರು ಒಪ್ಪಿಸಿ ಟರ್ಮಿನೇಶನ್ ವೋಚರ್, ಅಂದರೆ ಹಳೇ ಸಂಪರ್ಕ ಮುಚ್ಚಿದ ಚೀಟಿ, ತರಬೇಕು. ಡಿಪಾಸಿಟ್ ವಾಪಸ್ ಬರುವುದು ಸಂಪರ್ಕ ಪಡೆದಾಗ ಕೊಟ್ಟ ಹಳೇ ವೋಚರಿನಲ್ಲಿ ಬರೆದಷ್ಟೇ. ನನ್ನದರಲ್ಲಿ ಸಿಲಿಂಡರಿಗೆ 1,450, ರೆಗ್ಯುಲೇಟರಿಗೆ 150 ಇತ್ತು. ಹೊಸ ಕಡೆ 14.2 ಕೆಜಿಗೆ 2,200, ರೆಗ್ಯುಲೇಟರಿಗೆ 250, ಇದು 2022ರ ಜೂನಿನಿಂದ ಇರುವ ದರ. ಅಂದರೆ ಕೈಯಿಂದ 850, ಪೈಪು ಗೀಪು ಸೇರಿ ಸಾವಿರ ಚಿಲ್ಲರೆ. ಹೊಸ ಏಜೆನ್ಸಿಗೆ ವಿಳಾಸದ ದಾಖಲೆಯಾಗಿ ಅದೇ ಬಾಡಿಗೆ ಕರಾರು ಸಾಕು, ಏಕೆಂದರೆ ಅಲ್ಲಿ ಮೂಲ ಪ್ರತಿಯನ್ನೇ ಮುಂದಿಟ್ಟು ತೋರಿಸುತ್ತೀರಿ, ಹಿಂಡಿದ ಪಿಡಿಎಫ್ ಅಲ್ಲ. ಫಾರಂನಲ್ಲಿ ಹೆಸರು ಆಧಾರ್‌ನಲ್ಲಿರುವಂತೆಯೇ ಇರಲಿ. ಅಲ್ಲಿ ಇನಿಶಿಯಲ್ ಬಿಡಿಸಿ ಬರೆದಿದ್ದರೆ ಇಲ್ಲೂ ಬಿಡಿಸಿಯೇ ಬರೆಸಿ. ಆಮೇಲೆ ಒಂದು ರೀಫಿಲ್ ಬುಕ್ ಮಾಡಿ ಅದರ ಬಿಲ್ ತೆಗೆದುಕೊಳ್ಳಿ. ಮೂರು ತಿಂಗಳೊಳಗಿನ ಬಿಲ್ ಆಧಾರ್‌ಗೆ ನಡೆಯುತ್ತದೆ. ಒಂದೇ ಪುಟ, ಗ್ರೇ ಸ್ಕ್ಯಾನ್, 200 ಡಿಪಿಐ, 300 ಕೆಬಿ ಆಸುಪಾಸು, ಅಕ್ಷರ ಗಾಜಿನಂತೆ. ಹಾಕಿದ ಹತ್ತು ದಿನದೊಳಗೆ ಆಯಿತು.

ಅರ್ಜಿ ತುಂಬುವಾಗ ನಿಧಾನಿಸಬೇಕಾದ ಜಾಗ ಎರಡು. ಪಿನ್‌ಕೋಡ್ ಹಾಕಿದ ಮೇಲೆ ಊರು, ಅಂಚೆ ಕಚೇರಿಯ ಪಟ್ಟಿ ಬಿಚ್ಚಿಕೊಳ್ಳುತ್ತದೆ. ಒಂದೇ ಪಿನ್ನಿಗೆ ಮೂರ್ನಾಲ್ಕು ಹೆಸರಿದ್ದರೆ ಅವಸರದಲ್ಲಿ ಮೊದಲನೆಯದನ್ನೇ ಒತ್ತಿಬಿಡುತ್ತೇವೆ. ಇನ್ನೊಂದು, ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದು ಪಕ್ಕದಲ್ಲೇ ಕನ್ನಡಕ್ಕೆ ಇಳಿಯುತ್ತದಲ್ಲ, ಅದು ಯಂತ್ರದ ಕನ್ನಡ. ಹಳ್ಳಿ ‘ಹಲ್ಲಿ’ ಆಗುವುದು, ಪಾಳ್ಯ ‘ಪಾಲ್ಯ’ ಆಗುವುದು ಅಲ್ಲೇ. ಆ ಪೆಟ್ಟಿಗೆಯನ್ನು ಕೈಯಾರೆ ತಿದ್ದಬಹುದು, ತಿದ್ದಿ.

ವಿಳಾಸದ ಸಾಲನ್ನು ಒಮ್ಮೆ ಬರೆದು ಫೋನಿನ ನೋಟ್ಸ್‌ನಲ್ಲಿಟ್ಟು ಎಲ್ಲ ಕಡೆಗೂ ಅದನ್ನೇ ಅಂಟಿಸಿದೆ. ಹ್ಯಾಶ್ ಚಿಹ್ನೆ, ಓರೆಗೆರೆ, ಅಲ್ಪವಿರಾಮ ಬೇಡ. ಕೆಲವು ಬ್ಯಾಂಕಿನ ಫಾರಂಗಳು ಅವನ್ನು ನುಂಗುತ್ತವೆ, ಕೆಲವು ಕಾರಣ ಹೇಳದೆ ಎರರ್ ಕೊಡುತ್ತವೆ. 12/3 ಎಂಬುದು 123 ಆಗಿ ಚೆಕ್‌ಬುಕ್ ಬೇರೆ ಮನೆಗೆ ಹೋಗುವುದು ಹೀಗೆಯೇ. ಸಾಲಿಗೆ ಮೂವತ್ತೈದು ಅಕ್ಷರ ಮೀರದಂತೆ ಮೂರು ತುಂಡು ಮಾಡಿ: ಮನೆ ನಂಬರು ಮತ್ತು ಮಹಡಿ, ಕ್ರಾಸು ಮತ್ತು ಮೇನು, ಬಡಾವಣೆ ಮತ್ತು ಹಂತ. ‘ದೇವಸ್ಥಾನದ ಹಿಂದೆ’ ಎಂಬುದು ಡೆಲಿವರಿ ಆ್ಯಪಿಗಷ್ಟೇ.

ಮನೆಯ ಉಳಿದವರಿಗೆ ಕುಟುಂಬದ ಮುಖ್ಯಸ್ಥರ ಒಪ್ಪಿಗೆಯ ದಾರಿಯಿದೆ, 2023ರಲ್ಲಿ ಬಂದದ್ದು. ಸಂಬಂಧ ತೋರಿಸುವ ದಾಖಲೆ ಹಾಕಿ ಮುಖ್ಯಸ್ಥರ ಆಧಾರ್ ನಂಬರ್ ಕೊಟ್ಟರೆ ಅವರು 30 ದಿನದೊಳಗೆ ತಮ್ಮ ಲಾಗಿನ್‌ನಲ್ಲಿ ಒಪ್ಪಬೇಕು. ಮರೆತರೆ ಅರ್ಜಿ ಮುಚ್ಚಿತು, ದುಡ್ಡೂ ಹೋಯಿತು. ಒಂದು 50 ಅಲ್ಲೂ ಕಳೆದಿದ್ದೇನೆ. ಮಕ್ಕಳ ಅರ್ಜಿಯನ್ನು ಒಂದೇ ಕೂತಿನಲ್ಲಿ ಮುಗಿಸುವ ಕೀಲಿಯೊಂದಿದೆ, ಅದನ್ನು ಇಲ್ಲಿ ಹೇಳುವುದಿಲ್ಲ, ನನಗೂ ಒಂದಿಷ್ಟು ಗಿರಾಕಿ ಬೇಕು.

ಆಧಾರ್ ಆದ ಮೇಲೆ ಸರಸರ. ಪ್ಯಾನ್ ವಿಳಾಸ ಆಧಾರ್ ಇ-ಕೆವೈಸಿ (ಆನ್‌ಲೈನ್ ಗುರುತು ಪರಿಶೀಲನೆ) ಮೇಲೆ ಪುಕ್ಕಟೆ ಬದಲಾಗುತ್ತದೆ. ಆದಾಯ ತೆರಿಗೆ ಪೋರ್ಟಲಿನ ಪ್ರೊಫೈಲ್ ಬೇರೆ, ಅದನ್ನು ಬೇರೆಯಾಗಿ ತಿದ್ದಬೇಕು. ವೋಟರ್ ಲಿಸ್ಟಿಗೆ ಫಾರಂ 8, ಕ್ಷೇತ್ರ ಬದಲಾದರೂ ಅದೇ. ಕ್ಷೇತ್ರ ಬದಲಾದರೆ ಫಾರಂ 6 ಎಂಬುದು 2022ರ ಹಿಂದಿನ ಮಾತು. ಮ್ಯೂಚುವಲ್ ಫಂಡಿಗೆ ಒಂದು ಕೆಆರ್‌ಎಯಲ್ಲಿ (ಹೂಡಿಕೆದಾರರ ಕೆವೈಸಿ ದಾಖಲೆ ಇಡುವ ಸಂಸ್ಥೆ) ಬದಲಿಸಿದರೆ ಸಾಕು. ಗಾಡಿ ಆರ್‌ಸಿಗೆ 30 ದಿನದ ಗಡುವು ಕಾನೂನಿನಲ್ಲೇ ಇದೆ. ಬ್ಯಾಂಕಿನಲ್ಲಿ ವಿಳಾಸ ಮಾತ್ರ ಬದಲಿಸಿ, ಬ್ರಾಂಚ್ ಬದಲಿಸಬೇಡಿ. ಬದಲಿಸಿದರೆ ಐಎಫ್‌ಎಸ್‌ಸಿ ಬದಲಾಗಿ ಆ ಕೋಡ್ ಕೊಟ್ಟ ಕಡೆಗೆಲ್ಲ ಮತ್ತೆ ಓಡಾಟ. ಹೆಲ್ತ್ ಇನ್ಶೂರೆನ್ಸಿನ ಪಾಲಿಸಿ ತೆಗೆದು ಓದಿ. ಕೆಲವದರಲ್ಲಿ ಊರಿನ ವಲಯದ ಮೇಲೆ ಪ್ರೀಮಿಯಂ ಇರುತ್ತದೆ, ಸಣ್ಣ ಊರಿನ ದರ ಕಟ್ಟುತ್ತಾ ಬೆಂಗಳೂರಿನಲ್ಲಿ ಅಡ್ಮಿಟ್ ಆದರೆ ಬಿಲ್ಲಿನಲ್ಲಿ ಒಂದು ಪಾಲು ನಿಮ್ಮ ತಲೆಗೆ.

ಇನ್ನು ಫೋನು, ರೂಟರು. ನನ್ನ ಮಟ್ಟಿಗೆ ಅಸಲು ತಲೆನೋವು ಇದೇ. ಹೊಸ ಮನೆಯಲ್ಲಿ ಕೂತು ಊಟದ ಆ್ಯಪ್ ತೆಗೆದರೆ ಮೈಸೂರಿನ ಹೋಟೆಲು. ಕಾರಣ ರೂಟರು. ಮನೆಯೊಳಗೆ ಜಿಪಿಎಸ್ ಸಿಕ್ಕದಾಗ ಫೋನು ಸುತ್ತಲಿನ ವೈಫೈಗಳ ಗುರುತು ನೋಡಿ ಜಾಗ ಊಹಿಸುತ್ತದೆ. ಹಳೇ ರೂಟರನ್ನೇ ಹೊತ್ತು ತಂದರೆ, ಗೂಗಲ್‌ನಂಥವರ ಪಟ್ಟಿಯಲ್ಲಿ ಅದರ ಗುರುತಿನ ಮುಂದೆ ಹಳೇ ಮನೆಯೇ ಬರೆದಿರುತ್ತದೆ. ವೈಫೈ ಹೆಸರು ಬದಲಿಸಿದರೆ ಪ್ರಯೋಜನವಿಲ್ಲ, ಅಲ್ಲಿ ದಾಖಲಾಗಿರುವುದು ಯಂತ್ರದ ಗುರುತು. ಎಲ್ಲರೂ ‘ಫೋನ್ ರೀಸೆಟ್ ಮಾಡಿ’ ಎಂದರು, ಮಾಡಿದೆ, ಏನೂ ಆಗಲಿಲ್ಲ. ಆದದ್ದು ಇದರಿಂದ: ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಅಕ್ಯುರಸಿ (ವೈಫೈ ನೋಡಿ ಜಾಗ ಊಹಿಸುವ ಸೌಲಭ್ಯ) ಆಫ್ ಮಾಡಿ, ತಾರಸಿಗೆ ಹೋಗಿ, ಮ್ಯಾಪ್ಸ್ ತೆರೆದು ನೀಲಿ ಚುಕ್ಕೆ ಸರಿಯಾದ ಸೂರಿನ ಮೇಲೆ ಕೂರುವ ತನಕ ನಿಂತು, ಅಲ್ಲೇ ಅಕ್ಯುರಸಿ ಮತ್ತೆ ಆನ್ ಮಾಡಿ, ಫೋನ್ ಹಿಡಿದು ನಿಧಾನಕ್ಕೆ ಮನೆಯೊಳಗೆ ಇಳಿಯುವುದು. ದಿನಕ್ಕೆ ಎರಡು ಸಲ, ಎರಡು ಫೋನಿನಲ್ಲಿ, ಸುಮಾರು ವಾರ ಹತ್ತು ದಿನ. ಒಮ್ಮೆ ಕೂತ ಮೇಲೆ ಮತ್ತೆ ಜಿಗಿಯಲಿಲ್ಲ.

ಜೊತೆಗೊಂದು ಪ್ರಯೋಗ. ವೈಫೈ ಹೆಸರಿನ ಕಟ್ಟಕಡೆಗೆ ಅಂಡರ್‌ಸ್ಕೋರ್ ಹಾಕಿ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ‘ನೋಮ್ಯಾಪ್’ (_nomap) ಎಂದು ಸೇರಿಸಿದರೆ ಗೂಗಲ್ ಆ ರೂಟರನ್ನು ಜಾಗ ಹುಡುಕಲು ಬಳಸುವುದಿಲ್ಲ. ಮೈಕ್ರೋಸಾಫ್ಟಿನದು ‘ಆಪ್ಟ್ಔಟ್’ (_optout), ಅದಕ್ಕೂ ಮುಂದೆ ಅಂಡರ್‌ಸ್ಕೋರ್, ಹೆಸರಿನಲ್ಲಿ ಎಲ್ಲಿದ್ದರೂ ಸರಿ. ಎರಡೂ ಬೇಕಿದ್ದರೆ ನೋಮ್ಯಾಪ್ ಕೊನೆಗಿರಲಿ. ಇನ್ನೊಂದು ಆಟ ಡಿಜಿಪಿನ್, ಅಂಚೆ ಇಲಾಖೆಯ ಹತ್ತಕ್ಷರದ ಕೋಡು, ನಾಲ್ಕು ಮೀಟರ್ ಚೌಕಕ್ಕೆ ಒಂದು. ನಮ್ಮ ಗೇಟಿಗೂ ನಡುಮನೆಗೂ ಬೇರೆ ಬೇರೆ ಬಂತು. ಕೆಳಗಿನ ಮನೆಗೂ ಮೇಲಿನ ಮನೆಗೂ ಮಾತ್ರ ಒಂದೇ, ಮಹಡಿ ಅದಕ್ಕೆ ತಿಳಿಯದು. ಗೇಟಿನದನ್ನೇ ಬರೆದಿಟ್ಟುಕೊಂಡೆ.

ಸಣ್ಣಪುಟ್ಟವು: ಗೂಗಲ್ ಮ್ಯಾಪ್ಸ್‌ನಲ್ಲಿ ‘ಹೋಮ್’ ಹಳೆಯದೇ ಇದ್ದರೆ ಸರ್ಚ್ ಕೂಡ ಹಳೇ ಊರನ್ನೇ ತೋರಿಸಬಹುದು. ಐಫೋನಿನಲ್ಲಿ ಕಾಂಟ್ಯಾಕ್ಟ್ಸ್‌ನ ‘ಮೈ ಕಾರ್ಡ್’ ತಿದ್ದಿ, ಮ್ಯಾಪ್ಸ್ ಮತ್ತು ಸಫಾರಿ ಎರಡೂ ಅಲ್ಲಿಂದಲೇ ಎತ್ತಿಕೊಳ್ಳುತ್ತವೆ. ಅಲೆಕ್ಸಾ ಸ್ಪೀಕರು ಎರಡಿದ್ದರೆ ಎರಡಕ್ಕೂ ಬೇರೆ ಬೇರೆ ಲೊಕೇಶನ್ ಹಾಕಬೇಕು. ವಿಂಡೋಸ್‌ನಲ್ಲಿ ಡಿಫಾಲ್ಟ್ ಲೊಕೇಶನ್ ಎಂಬುದೊಂದು ಪ್ರೈವಸಿ ಪುಟದಲ್ಲಿ ಅಡಗಿದೆ. ಕ್ರೋಮಿನ ಆಟೋಫಿಲ್‌ನಲ್ಲಿ ಹಳೇ ವಿಳಾಸ ಅಳಿಸದಿದ್ದರೆ, ನೀವು ಎಲ್ಲೆಡೆ ತಿದ್ದಿದ್ದನ್ನು ಅದು ಒಂದೇ ಒತ್ತಿಗೆ ಹಿಂದಕ್ಕೆ ತರುತ್ತದೆ.

ಶಾಪಿಂಗ್ ಆ್ಯಪುಗಳಲ್ಲಿ ಮಾತ್ರ ಹಳೇ ವಿಳಾಸವನ್ನು ತಿಂಗಳೊಪ್ಪತ್ತು ಹಾಗೇ ಬಿಡಿ, ಡಿಫಾಲ್ಟ್ ಮಾತ್ರ ಬದಲಿಸಿ. ರಿಟರ್ನ್ ಬಾಕಿ ಇದ್ದರೆ ಎತ್ತಿಕೊಳ್ಳಲು ಹುಡುಗ ಬರುವುದು ಆರ್ಡರಿನ ವಿಳಾಸಕ್ಕೆ. ಹೊಸದಕ್ಕೆ ಪಿನ್ ಇಡುವಾಗ ಸ್ಯಾಟಲೈಟ್ ನೋಟದಲ್ಲಿ ಪೂರ್ತಿ ಹಿಗ್ಗಿಸಿ ಗೇಟಿನ ಮುಂದಿನ ರಸ್ತೆಯ ಮೇಲೆ ಇಡಿ. ಸೂರಿನ ನಡುವೆ ಇಟ್ಟರೆ ಹಿಂದಿನ ಗಲ್ಲಿ ಹತ್ತಿರವೆಂದು ಆ್ಯಪ್ ಅಲ್ಲಿಗೇ ಕಳಿಸುತ್ತದೆ. ಪಾಸ್‌ಪೋರ್ಟ್ ಒಂದನ್ನು ಮುಟ್ಟಿಲ್ಲ. ಅದರಲ್ಲಿ ಬರೀ ವಿಳಾಸ ತಿದ್ದುವ ಸವಲತ್ತಿಲ್ಲ, ಮರುವಿತರಣೆಗೇ ಅರ್ಜಿ, 36 ಪುಟಕ್ಕೆ 1,500. ಅವಧಿ ಮುಗಿದಾಗ ನೋಡಿಕೊಂಡರಾಯಿತು.